ಫ್ಲೆಕ್ಸಿನಲ್ಲಿದ್ದ ಮಗು

ಅಲ್ಫಿಯಾ ಇವತ್ತೂ ಬರದಿದ್ದರೆ ಐದು ದಿನವಾಗುತ್ತದೆ ಎಂದು ಅಕ್ಷತ ಬಸ್ಸಿನಲ್ಲಿ ಕೂತು ಎಣಿಸಿದಳು. ಎಣಿಸಿದ ಮೇಲೆ, ಬರದಿದ್ದರೇ ಒಳ್ಳೆಯದು ಎಂದು ಒಂದು ಗಳಿಗೆ ಅನ್ನಿಸಿದ್ದು ತನ್ನ ಗಮನಕ್ಕೇ ಬಂದು, ಪಕ್ಕದಲ್ಲಿ ಕೂತವಳಿಗೆ ಅದು ಕೇಳಿಸಿಬಿಟ್ಟಿತೇನೋ ಎಂಬಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ತೂಬಗೆರೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಎಲ್ಲರಿಗೂ ಅವಳ ಗುರುತಿದೆ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು 'ಬನ್ನಿ ಟೀಚರಮ್ಮ' ಎಂದು ಸರಿದು ಜಾಗ ಮಾಡಿಕೊಡುತ್ತಾರೆ; ಹೂವಿನ ಬುಟ್ಟಿಯ ಮುದುಕಿಯೊಬ್ಬಳು ವಾರಕ್ಕೊಮ್ಮೆಯಾದರೂ 'ಏನೂ ಇಲ್ದೋರ ಮಕ್ಳಿಗೆ ಅಕ್ಷರ ಕಲಿಸ್ತೀಯಾ, ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ' ಎನ್ನುತ್ತಾಳೆ. ಮೊದಮೊದಲು ಆ ಮಾತು ಕೇಳಲೆಂದೇ ಅವಳು ಮುದುಕಿಯ ಹತ್ತಿರದ ಸೀಟು ಹುಡುಕುತ್ತಿದ್ದಳು. ಜನವರಿಯಿಂದ ಈಚೆಗೆ ಹಿಂದಿನ ಬಾಗಿಲಿನಿಂದ ಹತ್ತುತ್ತಾಳೆ.

ಅವಳದು ಪೂರಾ ಸರ್ಕಾರಿ ಕೆಲಸವಲ್ಲ. ದೊಡ್ಡಬಳ್ಳಾಪುರದ ಅಂಚಿನ ಮಗ್ಗದ ಬೀದಿಯಲ್ಲಿರುವ ಸರ್ಕಾರಿ ಶಾಲೆಯಲ್ಲಿ ಎರಡು ವರ್ಷದ ಹಿಂದೆ ಎಲ್‌ಕೆಜಿ ಶುರುವಾದಾಗ ಬೆಂಗಳೂರಿನ ಒಂದು ಟ್ರಸ್ಟಿನವರು ಗೌರವಧನ ಕೊಟ್ಟು ಅವಳನ್ನು ನೇಮಿಸಿಕೊಂಡಿದ್ದರು. ಮೂರು ತುಂಬಿದವರನ್ನು ಸೇರಿಸಿಕೊಂಡು ಎರಡು ವರ್ಷ ಅದೇ ತರಗತಿಯಲ್ಲಿ ಇಟ್ಟುಕೊಳ್ಳುವುದು; ಇಪ್ಪತ್ತೆರಡು ಮಕ್ಕಳು. ಮಗ್ಗ ನಡೆಸುವವರು, ನೂಲು ಸುತ್ತುವವರು, ಟೆಂಪೋ ಓಡಿಸುವವರು, ಕಟ್ಟಡದ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದು ಶೆಡ್ಡುಗಳಲ್ಲಿರುವವರು, ಇವರ ಮಕ್ಕಳು. ಮೊದಲ ತಿಂಗಳು ಒಂದು ಮಗು ಅಳುವುದನ್ನು ನಿಲ್ಲಿಸಿದರೆ ಇನ್ನೊಂದು ಶುರು ಮಾಡುತ್ತಿತ್ತು. ಅಳದೆ ಇದ್ದವಳು ಅಲ್ಫಿಯಾ ಒಬ್ಬಳೇ. ಮನೆಯಲ್ಲಿ ಉರ್ದು, ಇಲ್ಲಿ ಕನ್ನಡ. ಏನು ಹೇಳಿದರೂ ಅರ್ಥವಾಗದೆ ಅವಳು ಅಕ್ಷತಳ ತುಟಿಯನ್ನೇ ನೋಡುತ್ತ ಕೂರುತ್ತಿದ್ದಳು. ಮೂರು ತಿಂಗಳ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ 'ಮಿಸ್, ಮಳೆ ಬಂತು, ಬಟ್ಟೆ ತೆಗೀರಿ' ಎಂದಾಗ ಅಕ್ಷತ ಅವಳನ್ನು ಎತ್ತಿಕೊಂಡು ಹೆಡ್‌ಮಾಸ್ಟರ ಕೋಣೆಗೇ ಓಡಿದ್ದಳು. ಅದೂ ನಿಜ. ಆ ಓಟವೂ ನಾನೇ ಓಡಿದ್ದು, ಎಂದು ಬಸ್ಸು ತಿರುವಿನಲ್ಲಿ ವಾಲಿದಾಗ ಅವಳು ಮನಸ್ಸಿನೊಳಗೆ ಯಾರಿಗೋ ವಾದ ಹೇಳುವಂತೆ ಹೇಳಿಕೊಂಡಳು. ಆ ಯಾರೋ ತಲೆಯಾಡಿಸಲಿಲ್ಲ.

ಆಗಸ್ಟಿನ ಒಂದು ಬುಧವಾರ ಟ್ರಸ್ಟಿನ ನವೀನ್‌ಕುಮಾರ್ ಕ್ಯಾಮೆರಾ ತಗುಲಿಸಿಕೊಂಡು ಬಂದಿದ್ದ. ಸಭ್ಯ ಹುಡುಗ, ಮಕ್ಕಳಿಗೆ ಬಿಸ್ಕತ್ತು ತಂದಿದ್ದ. ಜಿನುಗುವ ಸೂರು, ಮಕ್ಕಳು ಹೋಗಲು ಹೆದರುವ ದೊಡ್ಡವರ ಪಾಯಿಖಾನೆ, ಎಲ್ಲದರ ಫೋಟೋ ತೆಗೆದುಕೊಂಡ. ಆಮೇಲೆ ಕ್ಯಾಮೆರಾದ ಪರದೆ ನೋಡುತ್ತ, 'ಮೇಡಂ, ಮಕ್ಳು ತುಂಬಾ ನೀಟಾಗಿದಾರೆ. ಒಳ್ಳೇದೇ ಅದು. ಆದ್ರೆ ದಾನಿಗಳು ನೋಡ್ದಾಗ ಕರುಳು ಚುರುಕ್ ಅನ್ಬೇಕಲ್ವಾ? ಹೊಸ ರೂಮು ಬೇಕು, ಟಾಯ್ಲೆಟ್ ಬೇಕು ಅಂತೀರಿ' ಎಂದ. ಅವನು ಅಂದದ್ದು ಅಷ್ಟೇ. ಯಾರ ಬಟ್ಟೆಯನ್ನೂ ಬದಲಿಸಿ ಎಂದಿರಲಿಲ್ಲ. ಅಕ್ಷತ ಮಕ್ಕಳ ಮೇಲೆ ಕಣ್ಣಾಡಿಸಿದಳು. ಕಣ್ಣು ಅಲ್ಫಿಯಾಳ ಮೇಲೆ ನಿಂತಿತು. ಅವಳ ತಾಯಿ ನಗ್ಮಾ ಮನೆಯಲ್ಲಿ ಹೊಲಿಗೆ ಹಾಕುವವಳು; ಮಗ್ಗದವರು ಕೊಟ್ಟ ತುಂಡುಗಳಲ್ಲೇ ಮಗಳಿಗೆ ಫ್ರಾಕು ಹೊಲಿಯುತ್ತಿದ್ದಳು. ಅವತ್ತಿನದು ಗಿಳಿಹಸಿರು, ಎದೆಯ ಮೇಲೆ ಎರಡು ಸಾಲು ಸಣ್ಣ ನೆರಿಗೆ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೆಂಪು ರಿಬ್ಬನ್ನು. ಅಕ್ಷತ ರಿಬ್ಬನ್ನು ಬಿಚ್ಚಿದಳು. ಎರಡೂ ಅಂಗೈಯಿಂದ ಕೂದಲನ್ನು ಕೆದರಿದಳು. ಮಕ್ಕಳು ಉಚ್ಚೆ ಹೊಯ್ದುಕೊಂಡಾಗ ಹಾಕಲೆಂದು ಡಬ್ಬದಲ್ಲಿ ಇಟ್ಟಿದ್ದ ಹಳೆಯ ಅಂಗಿಗಳಲ್ಲಿ ಗುಂಡಿ ಕಿತ್ತುಹೋದದ್ದೊಂದನ್ನು ಆರಿಸಿ ತೊಡಿಸಿದಳು. ಚಪ್ಪಲಿ ತೆಗೆಸಿ, ಜಗಲಿಯ ಮೆಟ್ಟಿಲ ಮೇಲೆ ಕೂರಿಸಿದಳು. ನೆನಪು ಯಾವಾಗಲೂ ಇಲ್ಲಿಯವರೆಗೆ ಬಂದು, ಮುಂದಿನ ಐದು ನಿಮಿಷವನ್ನು ದಾಟಿ, ಆಯಾ ಮುನಿಗಂಗಮ್ಮ ಮಗುವಿಗೆ ಮತ್ತೆ ಜಡೆ ಹಾಕುತ್ತಿರುವಲ್ಲಿಗೆ ಹಾರುತ್ತಿತ್ತು. ಅವತ್ತು ಸಂಜೆ ಮಗಳನ್ನು ಕರೆದೊಯ್ಯಲು ಬಂದ ನಗ್ಮಾ ಬೈತಲೆಯನ್ನು ಬೆರಳಿಂದ ಮುಟ್ಟಿ ನೋಡಿ, 'ಮಿಸ್, ಜಡೆ ಯಾರು ಹಾಕಿದ್ದು?' ಎಂದಿದ್ದಳು. 'ಆಟ ಆಡ್ವಾಗ ಬಿಚ್ಚೋಯ್ತು' ಎಂದಿದ್ದಳು ಅಕ್ಷತ. ಮೊದಲ ಸುಳ್ಳು ಎಷ್ಟು ಚಿಕ್ಕದಾಗಿತ್ತು.

ಕೋಣೆ ಬಂತು. ಅದೇನೂ ಸುಳ್ಳಲ್ಲ. ಹಳದಿ ಗೋಡೆ, ಮೊಣಕಾಲೆತ್ತರದ ಕುರ್ಚಿಗಳು, ಮಕ್ಕಳ ಅಳತೆಯ ಟಾಯ್ಲೆಟ್ಟು, ಕೈತೊಳೆಯುವಲ್ಲಿ ಅವರ ಎತ್ತರಕ್ಕೆ ನಲ್ಲಿ. ಜನವರಿಯಲ್ಲಿ ಉದ್ಘಾಟನೆಯ ದಿನ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ಫ್ಲೆಕ್ಸು. ಅದರಲ್ಲಿ ಕೆದರಿದ ತಲೆ, ಬರಿಗಾಲು, ಜಾರಿದ ಅಂಗಿ, ನೀರು ತುಂಬಿದ ಎರಡು ದೊಡ್ಡ ಕಣ್ಣು. ಕೆಳಗೆ, 'ಇವಳ ನಾಳೆ ನಿಮ್ಮ ಕೈಯಲ್ಲಿ'. ತಾಯಂದಿರ ಸಾಲಿನಲ್ಲಿ ಯಾರೋ 'ನಿನ್ ಮಗಳಲ್ವೇನೆ ನಗ್ಮಾ?' ಎಂದರು, ಇನ್ಯಾರೋ ಕಿಸಕ್ಕನೆ ನಕ್ಕರು. ಭಾಷಣ ಮುಗಿಯುವವರೆಗೂ ನಗ್ಮಾ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಿದ್ದು, ಆಮೇಲೆ ಹತ್ತಿರ ಬಂದಳು.

'ಮಿಸ್, ಇದು ನಮ್ ಅಲ್ಫಿಯಾನೇನಾ? ಈ ಅಂಗಿ ನಮ್ಮನೇದಲ್ಲ.'

'ಅಯ್ಯೋ, ನಂಗೂ ಇವತ್ತೇ ಗೊತ್ತಾಗಿದ್ದು ನಗ್ಮಾ. ಬೆಂಗ್ಳೂರಿನೋರು ಕಂಪ್ಯೂಟರಲ್ಲಿ ಏನ್ ಬೇಕಾದ್ರೂ ಮಾಡ್ತಾರೆ. ನನ್ನೊಂದ್ ಮಾತೂ ಕೇಳಿಲ್ಲ.'

ನಗ್ಮಾಳ ಮುಖ ಸಡಿಲಾಯಿತು. 'ಅದಕ್ಕೇ. ನಿಮ್ಗೆ ಗೊತ್ತಿದ್ದಿದ್ರೆ ನೀವು ಬಿಡ್ತಿರ್ಲಿಲ್ಲ ಅಂತ ನಂಗೊತ್ತು ಮಿಸ್' ಎಂದಳು. ಮುಂದಿನ ವಾರ ಇಪ್ಪತ್ತೆರಡು ಮಕ್ಕಳಿಗೂ ಕೈ ಒರೆಸುವ ಬಟ್ಟೆಯ ಚೌಕಗಳನ್ನು ಹೊಲಿದು ತಂದುಕೊಟ್ಟಳು. ಒಂದೊಂದರ ಮೂಲೆಯಲ್ಲಿ ಒಂದೊಂದು ಬಣ್ಣದ ದಾರದ ಹೂವು. ಇಪ್ಪತ್ತಮೂರನೆಯದು ಮಿಸ್ಸಿಗೆ, ಅದರಲ್ಲಿ ಎರಡು ಹೂವು. ಅಕ್ಷತ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಶಾಲೆಯ ಗೇಟಿನಲ್ಲಿ ಮುನಿಗಂಗಮ್ಮ ಪೊರಕೆ ಹಿಡಿದು ನಿಂತಿದ್ದಳು. 'ಇವತ್ತೂ ಬಂದಿಲ್ಲ ಕಣಮ್ಮ. ನೀನೇ ಒಂದ್ಸಲಿ ಹೋಗ್ಬಾ' ಎಂದವಳು, ಆಚೀಚೆ ನೋಡಿ ದನಿ ತಗ್ಗಿಸಿ, 'ನಾನಂತೂ ಯಾರ ತಾವೂ ಬಾಯ್ಬಿಟ್ಟಿಲ್ಲಮ್ಮ' ಎಂದಳು. ಆ ಬುಧವಾರ ಮಗುವಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದವಳು ಅವಳೇ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಅಕ್ಷತಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಕಸ ಗುಡಿಸುವವಳು ತನ್ನ ಮಾನ ಕಾಯುತ್ತಿದ್ದಾಳೆ ಎಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಗಿ, 'ಆಯ್ತು ಬಿಡು ಗಂಗಮ್ಮ' ಎಂದು ಒಳಗೆ ಹೋದಳು.

ಹೆಡ್‌ಮಾಸ್ಟರು ಸಂಜೀವಪ್ಪ ಅವಳಿಗಾಗಿಯೇ ಕಾದಿದ್ದರು. ನಿವೃತ್ತಿಗೆ ಒಂದು ವರ್ಷವಿರುವ ಅವರಿಗೆ ಹೋಗುವ ಮುಂಚೆ ಶಾಲೆಯಲ್ಲಿ ಯುಕೆಜಿ ಆಗಬೇಕೆಂಬ ಆಸೆ. 'ನಾಡಿದ್ದು ಶನಿವಾರ ರೂಮು ಕಟ್ಸಿಕೊಟ್ಟ ಆ ದಾನಿ ಮೇಡಂ ಬರ್ತಾವ್ರೆ ಕಣಮ್ಮ. ಫೋಟೋದಾಗಿರೋ ಮಗೂನೇ ಕಣ್ಣಾರೆ ನೋಡ್ಬೇಕಂತೆ. ಯುಕೆಜಿಗೆ ಇನ್ನೊಬ್ರು ಟೀಚರ್ ಕೊಡೋ ಮಾತು ಅಲ್ಲೇ ಇತ್ಯರ್ಥ ಆಗುತ್ತೆ. ಹೊತ್ತಿಗೆ ಸರಿಯಾಗಿ ಅದೇ ಹುಡ್ಗಿ ಇಲ್ದೆ ಹೋದ್ರೆ ಹೆಂಗೆ? ಆ ತಾಯಿ ನಿನ್ನ ಮಾತು ಕೇಳ್ತಾಳಲ್ಲ, ಹೋಗಿ ಕರ್ಕೊಂಬಾ.' ಯುಕೆಜಿ ಬರದಿದ್ದರೆ ಈ ಇಪ್ಪತ್ತೆರಡೂ ಮಕ್ಕಳು ಒಂದು ವರ್ಷ ಮನೆಯಲ್ಲೇ ಕೂತು, ಕಲಿತ ಅಕ್ಷರವನ್ನೆಲ್ಲ ಮಗ್ಗದ ಸದ್ದಿನಲ್ಲಿ ಮರೆತು, ಒಂದನೆಯ ತರಗತಿಗೆ ಬರಬೇಕು. ಅಕ್ಷತ ತಲೆಯಾಡಿಸಿದಳು. ಅವಳ ಮಗಳು ಸಿಂಚನ ಇದೇ ಊರಿನ ಇಂಗ್ಲಿಷ್ ಕಾನ್ವೆಂಟಿನಲ್ಲಿ ಯುಕೆಜಿ ಓದುತ್ತಾಳೆ, ಹಳದಿ ವ್ಯಾನಿನಲ್ಲಿ ಬರುತ್ತಾಳೆ. 'ನಿಮ್ ಪಾಪೂನ ಇಲ್ಲೇ ಸೇರಿಸಿದ್ರೆ ನಿಮ್ ಜೊತೇಲೇ ಇರ್ತಿತ್ತಲ್ಲ ಮಿಸ್' ಎಂದು ನಗ್ಮಾ ಒಮ್ಮೆ ಕೇಳಿದ್ದಳು, ಚುಚ್ಚಲಿಕ್ಕಲ್ಲ, ಸುಮ್ಮನೆ. 'ಅವ್ರಪ್ಪ ಒಪ್ಪಲ್ಲ' ಎಂದು ಅಕ್ಷತ ಗಂಡ ಮನೋಹರನ ಮೇಲೆ ಹಾಕಿದ್ದಳು. ಮನೋಹರ ಆ ಮಾತು ಎತ್ತಿಯೇ ಇರಲಿಲ್ಲ.

ಮಕ್ಕಳಿಗೆ ಆವತ್ತು ಬಣ್ಣ ಹೇಳಿಕೊಡಬೇಕಿತ್ತು. ಹಸಿರು ಯಾವುದು ಎಂದರೆ ಕೆಂಪನ್ನು ತೋರಿಸುವ ಮಗುವಿನ ಕೈ ಹಿಡಿದು ಸರಿಪಡಿಸುತ್ತಿದ್ದಾಗ ಅವಳಿಗೆ ತಾನು ಓದಿದ ತೂಬಗೆರೆಯ ಶಾಲೆ ಕಂಡಿತು. ಉಚಿತ ಸಮವಸ್ತ್ರದ ಬಟ್ಟೆ ಬಂದ ದಿನ ಮೇಷ್ಟ್ರು 'ಬಡಮಕ್ಕಳೆಲ್ಲ ಎದ್ದು ನಿಂತ್ಕೊಳಿ' ಎನ್ನುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ಅರ್ಪಿತ ಎದ್ದು ನಿಲ್ಲುತ್ತಿದ್ದಳು. ಹೊಲ ತೋಟವಿದ್ದ ಗಂಗಣ್ಣನ ಮಗಳು ಅಕ್ಷತ ಕೂತೇ ಇರುತ್ತಿದ್ದಳು. ನಿಂತ ಗೆಳತಿಯ ಕಾಲು ತನ್ನ ಭುಜದ ಮಟ್ಟಕ್ಕೆ ಇರುತ್ತಿತ್ತು. ಅದರ ಕಡೆ ನೋಡದೆ ಮುಂದೆ ನೋಡುತ್ತಿರುವುದರಲ್ಲಿ ಒಂದು ಸುಖವಿತ್ತು. ಕೂತಿರುವ ಸುಖ. ಇಷ್ಟು ವರ್ಷದ ಮೇಲೆ ತಾನು ಮಕ್ಕಳೊಂದಿಗೆ ನೆಲದ ಮೇಲೇ ಕೂರುತ್ತೇನೆ, ಮೂಗು ಒರೆಸುತ್ತೇನೆ, ಆದರೂ ಆ ಕೂತಿರುವ ಸುಖ ತನ್ನೊಳಗೆ ಕೂತೇ ಇದೆಯಲ್ಲ ಎಂದುಕೊಂಡಳು. ಯಾಕೆ ಅಲ್ಫಿಯಾಳ ಮೇಲೇ ಕಣ್ಣು ನಿಂತಿತು? ಕಣ್ಣು ದೊಡ್ಡದು, ಹೇಳಿದ ಮಾತು ಕೇಳುತ್ತದೆ. ಇಷ್ಟೇ ಎಂದು ಇಷ್ಟು ದಿನ ಹೇಳಿಕೊಂಡಿದ್ದಳು. ಬೇರೆ ಮಕ್ಕಳಲ್ಲಿ ಒಬ್ಬನ ಸೋದರಮಾವ ಶಾಲೆಯ ಎಸ್‌ಡಿಎಂಸಿ ಸಮಿತಿಯ ಸದಸ್ಯ. ಇನ್ನೊಬ್ಬಳ ಅಜ್ಜಿ ಬೀದಿಯಲ್ಲಿ ನಿಂತು ಜಗಳಕ್ಕೆ ಹೆಸರಾದವಳು. ನಗ್ಮಾ ಕೇಳಲು ಬರುವವಳಲ್ಲ. ಬಂದರೂ ಶಾಲೆಯಲ್ಲಿ ದನಿ ಎತ್ತುವವಳಲ್ಲ. ಅದು ತನ್ನ ಕೈಗೆ ಮೊದಲೇ ಗೊತ್ತಿತ್ತು, ರಿಬ್ಬನ್ನಿನ ಗಂಟು ಬಿಚ್ಚುವ ಮೊದಲೇ.

ಮಕ್ಕಳು ಊಟ ಮಾಡಿ ಮಲಗಿದಾಗ ಮುನಿಗಂಗಮ್ಮನಿಗೆ ಹೇಳಿ ಹೊರಟಳು. ಮಗ್ಗದ ಬೀದಿಯಲ್ಲಿ ನೆಲವೇ ಸಣ್ಣಗೆ ನಡುಗುತ್ತಿರುತ್ತದೆ. ಚಪ್ಪಲಿಯ ಒಳಗಿನಿಂದ ಅದು ಪಾದಕ್ಕೆ ಗೊತ್ತಾಗುತ್ತದೆ. ನಗ್ಮಾಳದು ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲ ಬೆಳಕಿಗೆ ಹೊಲಿಗೆ ಮಿಷನ್ನು, ಅದರ ಪಕ್ಕ ಅತ್ತೆ ಜೈಬುನ್ನೀಸಾ ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅಕ್ಷತ ದಾರಿಯುದ್ದಕ್ಕೂ ಮಗು ತನ್ನನ್ನು ಕಂಡು ಅಜ್ಜಿಯ ಬೆನ್ನ ಹಿಂದೆ ಅಡಗುತ್ತದೆ ಎಂದು ಊಹಿಸಿದ್ದಳು, ಅದಕ್ಕೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡಿದ್ದಳು. ಅಲ್ಫಿಯಾ 'ಮಿಸ್!' ಎಂದು ಕಿರುಚಿ ಓಡಿ ಬಂದು ಅವಳ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿದಳು.

'ಬೈಟೋ ಮಾ, ಬೈಟೋ' ಎಂದು ಮುದುಕಿ ಚಾಪೆ ಸರಿಸಿ, ಎದ್ದು ಒಲೆಯ ಹತ್ತಿರ ಹೋದಳು. ನಗ್ಮಾ ಮಿಷನ್ನಿನಿಂದ ಏಳಲಿಲ್ಲ. ಸೂಜಿಯ ಕೆಳಗೆ ಯಾರದೋ ಮೆರೂನ್ ರವಿಕೆಯ ತೋಳಿತ್ತು.

'ಐದ್ ದಿನ ಆಯ್ತಲ್ಲ ನಗ್ಮಾ. ಹುಷಾರಿಲ್ವಾ ಅಂತ ಬಂದೆ.'

'ಹುಷಾರಾಗವ್ಳೆ ಮಿಸ್. ಹೊಸಕೋಟೇಲಿ ನಾದಿನಿ ಮದ್ವೆ ಇತ್ತು, ಭಾನುವಾರ.' ನಗ್ಮಾ ದಾರ ಕಚ್ಚಿ ತುಂಡು ಮಾಡಿದಳು. 'ಹೊಸ ಲೆಹಂಗ ಹೊಲ್ದಿದ್ದೆ ಇವ್ಳಿಗೆ. ಎಲ್ಲಾ ಮಕ್ಳನ್ನೂ ಸಾಲಾಗಿ ನಿಲ್ಸಿ ನಮ್ಮೋರು ಫೋನಲ್ಲಿ ಫೋಟೋ ತೆಗ್ಯೋಕೆ ಹೋದ್ರು. ಇವ್ಳು ಏನ್ ಮಾಡಿದ್ಲು ಗೊತ್ತಾ ಮಿಸ್? ತಲೇಲಿದ್ದ ಹೂವು ಕಿತ್ತಾಕಿದ್ಲು. ಕೂದ್ಲೆಲ್ಲ ಹಿಂಗಿಂಗೆ ಕೆದರ್ಕೊಂಡ್ಲು. ಚಪ್ಲಿ ಬಿಟ್ಲು. ಬಿಟ್ಟು ನೆಲದ್ ಮೇಲೆ ಕೂತ್ಕೊಂಡ್ಲು. ಎಲ್ರೂ ನಕ್ರು. ನಾನೂ ನಕ್ಕೆ.' ಪಕ್ಕದ ಮನೆಯ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು. 'ಮನೇಗ್ ಬಂದ್ಮೇಲೆ ಕೇಳ್ದೆ. ಮಿಸ್ ಹೇಳ್ಕೊಟ್ರು ಅಂದ್ಲು.'

ಅಕ್ಷತ ಬೈಗುಳಕ್ಕೆ ಕಾದಳು. ಒಂದು ಕೆಟ್ಟ ಮಾತು ಬಂದಿದ್ದರೆ ಅದನ್ನು ಹಿಡಿದುಕೊಂಡು ತಾನೂ ಏನಾದರೂ ಹೇಳಬಹುದಿತ್ತು, ಅಳಬಹುದಿತ್ತು. ನಗ್ಮಾ ರವಿಕೆಯ ತೋಳನ್ನು ತಿರುವಿ ಹೊಲಿಗೆ ನೇರವಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. 'ಮಕ್ಳು ಅಂದ್ರೆ... ನೋಡಿದ್ದನ್ನೆಲ್ಲ...' ಎಂದು ಅಕ್ಷತ ಶುರು ಮಾಡಿ, ಆ ವಾಕ್ಯ ಎಲ್ಲಿಗೆ ಹೋಗುತ್ತಿದೆಯೆಂದು ತನಗೇ ಕಂಡು ಅಲ್ಲೇ ನಿಂತಳು. ಈಗ ಹೇಳಬೇಕು, ಈಗಲೇ, ಎಂದು ಒಳಗೆ ಯಾರೋ ತಳ್ಳುತ್ತಿದ್ದರು. ಅವಳ ಬಾಯಿಂದ ಬಂದದ್ದು ಬೇರೆ.

'ಶನಿವಾರ ದಾನಿಗಳು ಬರ್ತಾರಂತೆ. ಅಲ್ಫಿಯಾನ ನೋಡ್ಬೇಕಂತೆ. ಹೆಡ್‌ಮಾಸ್ಟ್ರು ಹೇಳಿ ಕಳ್ಸಿದ್ರು.'

ಮಾತು ಮುಗಿದ ಮೇಲೆ ಅದನ್ನು ಯಾರಾದರೂ ಅಳಿಸಿಬಿಡಲಿ ಎಂಬಂತೆ ಅವಳು ಚಾಪೆಯ ಅಂಚನ್ನು ಒರೆಸಿದಳು. ನಗ್ಮಾ ಮೊದಲ ಸಲ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದಳು.

'ಇವ್ಳು ಬರ್ದಿದ್ರೆ ಮುಂದಿನ್ ಕ್ಲಾಸ್ ಬರಲ್ವಾ ಮಿಸ್?'

'ಹಂಗೇನಿಲ್ಲ... ಕಷ್ಟ ಆಗ್ಬೋದು.'

'ಕಳಿಸ್ತೀನಿ.'

ಜೈಬುನ್ನೀಸಾ ಟೀ ತಂದಿಟ್ಟಳು, ಮನೆಯಲ್ಲಿದ್ದ ಒಂದೇ ಗಾಜಿನ ಲೋಟದಲ್ಲಿ, ಜೊತೆಗೆ ಮದುವೆ ಮನೆಯ ಮಿಠಾಯಿ. ಅಕ್ಷತ ಕುಡಿದಳು. ನಾಲಗೆ ಸುಟ್ಟರೂ ನಿಲ್ಲಿಸದೆ ಕುಡಿದು ಎದ್ದಳು.

ಎರಡು ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಶನಿವಾರ ಬೆಳಿಗ್ಗೆ ಶಾಲೆಯ ಮುಂದೆ ರಂಗೋಲಿ ಬಿದ್ದಿತ್ತು, ಮಕ್ಕಳಿಗೆಲ್ಲ ಒಗೆದ ಬಟ್ಟೆ ಹಾಕಿ ಕಳಿಸಲು ಹೇಳಲಾಗಿತ್ತು. ಎಂಟೂವರೆಗೆ ನಗ್ಮಾ ಮಗಳ ಕೈ ಹಿಡಿದು ಗೇಟಿನ ಬಳಿ ಬಂದಳು. ಅಕ್ಷತ ಮೊದಲು ಗುರುತು ಹಿಡಿಯಲಿಲ್ಲ. ಎಣ್ಣೆ ಕಾಣದ ಬಿಚ್ಚುಗೂದಲು, ಬರಿಗಾಲು, ಎರಡು ಅಳತೆ ದೊಡ್ಡದಾದ ಬಣ್ಣ ಹೋದ ಅಂಗಿ, ಮೇಲಿನ ಎರಡು ಗುಂಡಿಯಿಲ್ಲ.

'ಫೋಟೋದಲ್ಲಿದ್ದಂಗೇ ಇರ್ಬೇಕಲ್ವಾ ಮಿಸ್. ಇಲ್ದಿದ್ರೆ ಅವ್ರಿಗೆ ಗುರ್ತು ಸಿಗಲ್ಲ' ಎಂದಳು ನಗ್ಮಾ. ಆ ದನಿಯಲ್ಲಿ ವ್ಯಂಗ್ಯವಿದೆಯೇ ಎಂದು ಅಕ್ಷತ ಹುಡುಕಿದಳು. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಬೇಕೆಂದ ಅಳತೆಗೆ ಹೊಲಿದುಕೊಟ್ಟವಳ ದನಿಯಾಗಿತ್ತು ಅದು. 'ಗುಂಡಿ ನಾನೇ ಬಿಚ್ಚಿದೆ. ಆದ್ರೆ ಅಂಗಿ ಒಗ್ದಿದೀನಿ ಮಿಸ್. ಕೊಳೆ ಮಾಡೋಕೆ ಮನಸ್ಸು ಬರ್ಲಿಲ್ಲ' ಎಂದು ಹೇಳಿ, ಮಗಳ ಕೈಯನ್ನು ಅಕ್ಷತಳ ಕೈಗಿಟ್ಟು, ತಿರುಗಿ ನೋಡದೆ ಹೋದಳು.

ಅಕ್ಷತ ಮಗುವನ್ನು ಎಳೆದುಕೊಂಡೇ ನಲ್ಲಿಯ ಹತ್ತಿರ ಹೋದಳು. ತನ್ನ ಬ್ಯಾಗಿನ ಬಾಚಣಿಗೆ ತೆಗೆದು, ನೀರು ಹಚ್ಚಿ ಕೂದಲು ಬಾಚತೊಡಗಿದಳು. 'ಬೇಡ ಮಿಸ್, ಫೋಟೋ ಐತೆ' ಎಂದು ಅಲ್ಫಿಯಾ ತಲೆ ಎಳೆದುಕೊಂಡಳು. 'ಫೋಟೋ ಇಲ್ಲ, ಸುಮ್ನಿರು' ಎನ್ನುವಷ್ಟರಲ್ಲಿ ಗೇಟಿನಲ್ಲಿ ಕಾರಿನ ಸದ್ದಾಯಿತು. ಸಂಜೀವಪ್ಪನವರು ಪಂಚೆಯ ಚುಂಗು ಹಿಡಿದು ಓಡಿಬಂದರು. 'ಬಂದ್ಬಿಟ್ರು, ಬಂದ್ಬಿಟ್ರು. ಏನಮ್ಮ ಮಾಡ್ತಿದೀಯ, ಬಿಡು, ಹಂಗೇ ಚೆಂದ ಐತೆ.'

ದಾನಿ ಮೇಡಂ ವಯಸ್ಸಾದವರು, ಬಿಳಿ ಕಾಟನ್ ಸೀರೆ, ಮೆತ್ತನೆಯ ಮಾತು. ಇವಳನ್ನು ದ್ವೇಷಿಸಬಹುದು ಎಂದು ಅಕ್ಷತ ಅಂದುಕೊಂಡಿದ್ದಳು, ಆಗಲಿಲ್ಲ. ಅವರು ಮಂಡಿ ನೋವಿದ್ದರೂ ನೆಲಕ್ಕೆ ಕೂತು ಅಲ್ಫಿಯಾಳ ಎರಡೂ ಕೈ ಹಿಡಿದುಕೊಂಡು, 'ಇದೇ ಮಗು ಅಲ್ವಾ? ಅಯ್ಯೋ ಕಂದ, ಇನ್ನೂ ಹೀಗೇ ಇದೀಯಲ್ಲೋ' ಎಂದು ಕಣ್ಣು ಒರೆಸಿಕೊಂಡರು. ಅಕ್ಷತಳಿಗೆ ತಾನು ಮಾತಾಡುವುದು ಬೇರೆ ಯಾರದೋ ದನಿಯಂತೆ ಕೇಳಿಸಿತು.

'ಮೇಡಂ, ಆ ಫೋಟೋದಲ್ಲಿರೋದು... ಅದೆಲ್ಲ ನಾನು ಮಾಡಿದ್ದು ಮೇಡಂ.'

ಮೇಡಂ ತಲೆಯೆತ್ತಿದರು. ಅವರ ಮುಖ ಬೆಳಗಿತು. 'ಗೊತ್ತಮ್ಮ, ಗೊತ್ತು. ನವೀನ್ ಎಲ್ಲ ಹೇಳಿದ್ರು. ಈ ಮಗೂನ ಗುರುತಿಸಿದ್ದೇ ನೀವಂತೆ. ನಿಮ್ಮಂಥೋರು ಇರೋದ್ರಿಂದಲೇ ಇದೆಲ್ಲ ನಡೀತಿರೋದು.' ಬಾಗಿಲಲ್ಲಿ ನಿಂತಿದ್ದ ನವೀನ್‌ಕುಮಾರ್ ನಕ್ಕ. ಸಂಜೀವಪ್ಪನವರು ಚಪ್ಪಾಳೆ ಶುರು ಮಾಡಿದರು. ದೊಡ್ಡವರು ತಟ್ಟಿದಾಗ ತಟ್ಟಬೇಕೆಂದು ಕಲಿತಿದ್ದ ಇಪ್ಪತ್ತೆರಡು ಮಕ್ಕಳೂ ತಟ್ಟಿದರು. ಅಲ್ಲ ಮೇಡಂ, ಹಾಗಲ್ಲ, ಎನ್ನಲು ಒಂದು ಉಸಿರಿನಷ್ಟು ಸಮಯವಿತ್ತು. ಆ ಉಸಿರಿನಲ್ಲಿ ಅವಳಿಗೆ ಆ ಚಪ್ಪಾಳೆ ಹಿತವಾಗಿ ಕೇಳಿಸಿತು. ಇದನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ, ನಗ್ಮಾಳಿಗೂ ಕೂಡ. ಸಮಯ ಹೋಯಿತು. ಮೇಡಂ ಯುಕೆಜಿಗೆ ಒಪ್ಪಿಗೆ ಕೊಟ್ಟರು. ನೆನಪಿಗೊಂದು ಫೋಟೋ ಎಂದು ನವೀನ್‌ಕುಮಾರ್ ಕ್ಯಾಮೆರಾ ಎತ್ತಿದ. ಅಲ್ಲಿಯವರೆಗೆ ಮೇಡಂ ಕೊಟ್ಟ ಚಾಕೊಲೇಟಿನ ಬಣ್ಣದ ಕಾಗದ ನೋಡಿ ನಗುತ್ತಿದ್ದ ಅಲ್ಫಿಯಾ, ಯಾರೂ ಹೇಳದೆಯೇ, ನಗುವನ್ನು ನುಂಗಿ, ತುಟಿ ಬಿಗಿದು, ಕತ್ತು ಬಗ್ಗಿಸಿದಳು. ಕ್ಲಿಕ್ಕಾದ ಮೇಲೆ ಓರೆಗಣ್ಣಿನಲ್ಲಿ ಅಕ್ಷತಳ ಕಡೆ ನೋಡಿದಳು, ಸರಿಯಾಗಿ ಬರೆದ ಅಕ್ಷರವನ್ನು ತೋರಿಸುವಾಗ ನೋಡುತ್ತಿದ್ದಳಲ್ಲ, ಹಾಗೆ.

ಕಾರು ಹೋದ ಮೇಲೆ, ಮಕ್ಕಳನ್ನೆಲ್ಲ ಅವರವರ ಮನೆಯವರು ಬಂದು ಕರೆದೊಯ್ದ ಮೇಲೆ, ಅಕ್ಷತ ಅಲ್ಫಿಯಾಳನ್ನು ಎತ್ತಿಕೊಂಡು ಹೊರಟಳು. ಬಿಸಿಲಿಗೆ ರಸ್ತೆ ಕಾದಿತ್ತು; ಮಗುವಿನ ಕಾಲಲ್ಲಿ ಚಪ್ಪಲಿಯಿರಲಿಲ್ಲ. ಐದು ವರ್ಷದ ಮಗು ಭಾರವಾಗಿತ್ತು. ಮಗ್ಗದ ಮನೆಗಳ ಬಾಗಿಲಲ್ಲಿ ನೂಲು ಸುತ್ತುತ್ತಿದ್ದವರು ನೋಡಿದರು. ಅವರಲ್ಲೊಬ್ಬಳು 'ಮಿಸ್ಸೇ ಎತ್ಕೊಂಡ್ ಬರ್ತಾವ್ರೆ ನೋಡೇ, ಎಷ್ಟು ಒಳ್ಳೇವ್ರು' ಎಂದದ್ದು ಮಗ್ಗದ ಸದ್ದಿನ ನಡುವೆಯೂ ಕೇಳಿಸಿತು. ಬೆವರಿಗೆ ಮಗುವಿನ ಅಂಗಿ ತನ್ನ ತೋಳಿಗೆ ಅಂಟುತ್ತಿತ್ತು. ಅದರಿಂದ ಸೋಪಿನ ವಾಸನೆ ಬರುತ್ತಿತ್ತು.

ನಗ್ಮಾ ಒಬ್ಬಳೇ ಇದ್ದಳು. ಮಗಳನ್ನು ಇಳಿಸಿಕೊಂಡು, ಮೊದಲು ಅವಳ ಆ ಅಂಗಿಯನ್ನು ತೆಗೆದು ಮನೆಯ ಫ್ರಾಕು ಹಾಕಿದಳು. ಅಕ್ಷತ ಹೊಸಿಲಿನ ಹೊರಗೇ ನಿಂತಿದ್ದಳು.

'ಕಂಪ್ಯೂಟರಲ್ಲಿ ಮಾಡಿದ್ದಲ್ಲ ನಗ್ಮಾ. ನಾನೇ ಮಾಡಿದ್ದು. ಜಡೆ ಬಿಚ್ಚಿದ್ದು, ಅಂಗಿ ಹಾಕಿದ್ದು. ಅವ್ರು ಹೇಳಿರ್ಲಿಲ್ಲ. ನಾನೇ.'

ನಗ್ಮಾ ಅಂಗಿಯನ್ನು ಮಡಿಸುತ್ತಿದ್ದಳು. 'ಹೂಂ' ಎಂದಳು.

'ಆ ಫ್ಲೆಕ್ಸ್ ತೆಗೆಸ್ತೀನಿ.'

'ಗೋಡೆ ಮೇಲಿಂದ ತೆಗೆಸ್ತೀರ. ನಮ್ಮೋರ ಫೋನಲ್ಲೂ ಬಂದೈತೆ ಮಿಸ್. ನೂಲಿನ ಲೋಡ್ ಹಾಕೋಕೆ ಹೋದಾಗ ಯಾರೋ ತೋರ್ಸಿದ್ರಂತೆ, ಇಮ್ರಾನ್ ಇದು ನಿನ್ ಮಗಳಾ, ಅನ್ನಕ್ಕೂ ಗತಿ ಇಲ್ವಾ ಅಂತ.' ಅವಳು ಅಂಗಿಯನ್ನು ಮಿಷನ್ನಿನ ಮೇಲಿಟ್ಟು ಕೈಯಿಂದ ತಟ್ಟಿ ಸಮ ಮಾಡಿದಳು. 'ಸೋಮವಾರದಿಂದ ಕಳಿಸ್ತೀನಿ. ಓದೋದು ಬಿಡ್ಸಲ್ಲ. ಆದ್ರೆ ನಾನೂ ಬಂದು ಕೂತ್ಕೋತೀನಿ ಕ್ಲಾಸಲ್ಲಿ. ಎಷ್ಟು ದಿನ ಅಂತ ನಂಗೇ ಗೊತ್ತಿಲ್ಲ. ಕೈಹೊಲಿಗೆ ತಂದು ಹಿಂದ್ಗಡೆ ಕೂತಿರ್ತೀನಿ.'

'ಬಾ' ಎಂದಳು ಅಕ್ಷತ. ಆಮೇಲೆ, 'ಬನ್ನಿ' ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳು ನಗ್ಮಾಳಿಗೆ ಬಹುವಚನ ಹಾಕಿದ್ದು. ಇಬ್ಬರಿಗೂ ಅದು ಗೊತ್ತಾಯಿತು, ಅದರಿಂದ ಏನೂ ಆಗಲಿಲ್ಲ.

'ಒಂದು ಕೇಳ್ಲಾ ಮಿಸ್? ಅವತ್ತು ಯಾಕೆ ಅತ್ತಿದ್ಲು? ಫೋಟೋದಲ್ಲಿ ಕಣ್ಣಲ್ಲಿ ನೀರೈತೆ. ಬಟ್ಟೆ ಬಿಚ್ಚಿದ್ದಕ್ಕಾ?'

ಮಗ್ಗದ ಸದ್ದು ಆ ಕ್ಷಣ ನಿಂತಂತಾಯಿತು, ನಿಂತಿರಲಿಲ್ಲ. ಇದನ್ನು ಹೇಳದೆಯೂ ಇಲ್ಲಿಂದ ಹೋಗಬಹುದು ಎಂದು ಅಕ್ಷತಳಿಗೆ ಗೊತ್ತಿತ್ತು. ಹೌದು ಎಂದು ಒಂದು ಮಾತು ಹೇಳಿದರೆ ಸಾಕು.

'ಇಲ್ಲ. ಬಟ್ಟೆ ಬಿಚ್ಚುವಾಗ ನಗ್ತಿದ್ಲು. ಆಟ ಅಂದ್ಕೊಂಡಿದ್ಲು. ಎಷ್ಟ್ ಹೇಳಿದ್ರೂ ನಗು ನಿಲ್ಲಿಸ್ಲೇ ಇಲ್ಲ. ನಗ್ಬೇಡ ಅಂದೆ. ಗದರಿದೆ. ಆಗ್ಲೂ ನಗ್ತಿದ್ಲು.' ಅವಳು ಉಸಿರೆಳೆದುಕೊಂಡಳು. 'ಆಮೇಲೆ ತೋಳು ಚಿವುಟಿದೆ.'

ನಗ್ಮಾ ಮಗಳನ್ನು ಎಳೆದು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡಳು. ಆಗಿ ಆರು ತಿಂಗಳ ಮೇಲಾಗಿತ್ತು. ಆದರೂ ಫ್ರಾಕಿನ ತೋಳನ್ನು ಮೇಲಕ್ಕೆ ಸರಿಸಿ, ಬೆಳಕಿನ ಕಡೆಗೆ ತಿರುಗಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತ ಹುಡುಕಿದಳು.

'ಯಾವ ತೋಳು ಮಿಸ್?'

ಅಕ್ಷತ ಬಾಯಿ ತೆರೆದಳು. ಗಿಳಿಹಸಿರು ಫ್ರಾಕು, ನೆರಿಗೆಯ ಸಾಲು, ಅಂಗಿಯ ಕಿತ್ತುಹೋದ ಗುಂಡಿ, ಎಲ್ಲ ನೆನಪಿತ್ತು. ಇದು ನೆನಪಾಗಲಿಲ್ಲ.

ಅಲ್ಫಿಯಾ ಅಮ್ಮನ ಮುಖವನ್ನೊಮ್ಮೆ, ಮಿಸ್ಸಿನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಇನ್ನೊಂದು ತೋಳನ್ನು ಮುಂದೆ ಚಾಚಿ, ಮೊಣಕೈಗಿಂತ ತುಸು ಮೇಲೆ ಬೆರಳಿಟ್ಟು ತೋರಿಸಿದಳು.

'ಇಲ್ಲಿ' ಎಂದಳು.